ದೇಶಾಂತರದ ಲೆಕ್ಕ: ಒಂದು ಗಡಿಯಾರದ ಮನೆತನದ ಕಥೆ

ಊರಿಗೆ ಕರೆಮಾಡುವ ಮುನ್ನ ನಾವೆಲ್ಲರೂ ಮನಸ್ಸಿನಲ್ಲೇ ಒಂದು ಲೆಕ್ಕ ಹಾಕುತ್ತೇವೆ. ಇಲ್ಲಿ ಸಂಜೆ ಏಳಾಯಿತು, ಅಂದರೆ ಅಲ್ಲಿ ಹನ್ನೊಂದೂವರೆ. ಅಮ್ಮ ಮಲಗಿರುತ್ತಾಳೆ, ನಾಳೆ ಬೆಳಗ್ಗೆ ಮಾತನಾಡಿದರಾಯಿತು. ಬೇಸಿಗೆಯಲ್ಲಿ ನಾಲ್ಕೂವರೆ ಗಂಟೆ, ಚಳಿಗಾಲದಲ್ಲಿ ಐದೂವರೆ ಗಂಟೆ. ಇಂಗ್ಲೆಂಡಿಗೆ ಬಂದ ಮೊದಲ ವಾರದಲ್ಲೇ ಈ ಲೆಕ್ಕ ನಮ್ಮ ರಕ್ತಕ್ಕೆ ಇಳಿದುಬಿಡುತ್ತದೆ. ಭೂಮಿಯು 24 ಗಂಟೆಗಳಲ್ಲಿ 360 ಡಿಗ್ರಿ ತಿರುಗುತ್ತದೆ. ಗಂಟೆಗೆ 15 ಡಿಗ್ರಿ, ಒಂದು ಡಿಗ್ರಿಗೆ 4 ನಿಮಿಷ. ಭಾರತದ ಅಧಿಕೃತ ಕಾಲವನ್ನು ಗ್ರಿನಿಚ್‌ನಿಂದ ಪೂರ್ವಕ್ಕೆ 82½ ಡಿಗ್ರಿಯಲ್ಲಿರುವ ರೇಖೆಗೆ ಹೊಂದಿಸಿದ್ದಾರೆ. ಅದನ್ನು 15ರಿಂದ ಭಾಗಿಸಿದರೆ ಬರುವುದೇ ನಮ್ಮ ಐದೂವರೆ.

ನಮ್ಮ ಹಿರಿಯರಿಗೂ ಈ ವಿಚಾರ ಹೊಸದಾಗಿರಲಿಲ್ಲ. ಸೂರ್ಯಸಿದ್ಧಾಂತವು ಉಜ್ಜಯಿನಿಯ ಮೂಲಕ ಹಾದುಹೋಗುವ ರೇಖೆಯನ್ನು ಮೂಲವಾಗಿಟ್ಟುಕೊಂಡು, ಚಂದ್ರಗ್ರಹಣವು ಎರಡು ಊರುಗಳಲ್ಲಿ ಕಾಣುವ ಕಾಲದ ವ್ಯತ್ಯಾಸದಿಂದ ಆ ಊರುಗಳ ಪೂರ್ವ ಪಶ್ಚಿಮ ದೂರವನ್ನು ಕಂಡುಹಿಡಿಯುವ ಕ್ರಮವನ್ನು ಹೇಳುತ್ತದೆ. ಪಂಚಾಂಗದ ಗಣಿತದಲ್ಲಿ ಈ ತಿದ್ದುಪಡಿಗೆ ‘ದೇಶಾಂತರ’ ಎಂದೇ ಹೆಸರು. ಹುಟ್ಟಿದ ನಾಡನ್ನು ಬಿಟ್ಟು ಹೋದವರನ್ನೂ ನಾವು ದೇಶಾಂತರ ಹೋದವರು ಎನ್ನುತ್ತೇವೆ. ಒಂದೇ ಪದ ನಮಗೂ ಸಲ್ಲುತ್ತದೆ, ನಮ್ಮ ಲೆಕ್ಕಕ್ಕೂ ಸಲ್ಲುತ್ತದೆ.

ಕಳೆದ ಬೇಸಿಗೆಯಲ್ಲಿ ನಮ್ಮ ಬಳಗದ ಕೆಲವು ಕುಟುಂಬಗಳು ಗ್ರಿನಿಚ್‌ನ ರಾಯಲ್ ಅಬ್ಸರ್ವೇಟರಿಗೆ ಹೋಗಿದ್ದೆವು. ಮಕ್ಕಳು ಅಂಗಳದಲ್ಲಿರುವ ಸೊನ್ನೆ ಡಿಗ್ರಿ ರೇಖೆಯ ಎರಡೂ ಬದಿಗೆ ಒಂದೊಂದು ಕಾಲಿಟ್ಟು ಚಿತ್ರ ತೆಗೆಸಿಕೊಂಡರು. ದೊಡ್ಡವರೂ ತೆಗೆಸಿಕೊಂಡೆವು ಎಂಬುದನ್ನು ಮುಚ್ಚಿಡುವುದೇಕೆ. ಒಳಗೆ ಗಾಜಿನ ಪೆಟ್ಟಿಗೆಗಳಲ್ಲಿರುವ ನಾಲ್ಕು ಗಡಿಯಾರಗಳ ಮುಂದೆ ಮಾತ್ರ ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ, ಊಟದ ಸಮಯವಾಗಿತ್ತು. ಆ ಗಡಿಯಾರಗಳ ಹಿಂದೆ ಒಂದು ಮನೆತನವಿದೆ. ಅವರ ಕಥೆಯನ್ನು ಅಂದು ಮಕ್ಕಳಿಗೆ ಹೇಳಲಾಗಲಿಲ್ಲವೆಂಬ ಕೊರಗಿನಿಂದ ಈಗ ಬರೆಯುತ್ತಿದ್ದೇವೆ.

ನೆಲದ ಮೇಲೆ ಇರುವವನಿಗೆ ದೇಶಾಂತರ ತಿಳಿಯುವುದು ಕಷ್ಟವಲ್ಲ. ಗ್ರಹಣಕ್ಕಾಗಿಯೋ ಗುರುಗ್ರಹದ ಉಪಗ್ರಹಗಳು ಮರೆಯಾಗುವ ಹೊತ್ತಿಗಾಗಿಯೋ ಕಾಯುತ್ತ ಕೂತರಾಯಿತು. ಕಡಲಿನಲ್ಲಿ ಹಾಗಲ್ಲ. ಉತ್ತರ ದಕ್ಷಿಣದ ಸ್ಥಾನವನ್ನು ಮಧ್ಯಾಹ್ನದ ಸೂರ್ಯನ ಎತ್ತರದಿಂದಲೋ ಧ್ರುವನಕ್ಷತ್ರದಿಂದಲೋ ನಾವಿಕರು ತಿಳಿಯಬಲ್ಲವರಾಗಿದ್ದರು. ಪೂರ್ವ ಪಶ್ಚಿಮದಲ್ಲಿ ತಾವೆಲ್ಲಿದ್ದೇವೆಂಬುದು ಊಹೆಯೇ ಆಗಿತ್ತು. 1707ರ ಅಕ್ಟೋಬರ್‌ನಲ್ಲಿ ಅಡ್ಮಿರಲ್ ಕ್ಲೌಡ್ಸ್ಲಿ ಶವಲ್‌ನ ನೌಕಾಪಡೆಯು ಸ್ಥಾನ ತಪ್ಪಿ ಸಿಲಿ ದ್ವೀಪಗಳ ಬಂಡೆಗಳಿಗೆ ಬಡಿಯಿತು. ನಾಲ್ಕು ಹಡಗುಗಳು ಮುಳುಗಿದವು. ಸಾವಿರಕ್ಕೂ ಹೆಚ್ಚು ಜನರು ತಮ್ಮ ನಾಡಿನ ತೀರದಲ್ಲೇ ಸತ್ತರು. 1714ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಒಂದು ಕಾಯಿದೆ ಮಾಡಿ, ಕಡಲಿನಲ್ಲಿ ರೇಖಾಂಶವನ್ನು ಅರ್ಧ ಡಿಗ್ರಿಯೊಳಗಿನ ತಪ್ಪಿನಲ್ಲಿ ತಿಳಿಸುವ ವಿಧಾನಕ್ಕೆ 20,000 ಪೌಂಡುಗಳ ಬಹುಮಾನವನ್ನು ಘೋಷಿಸಿತು. ಆಗ ರಾಜಖಗೋಳಜ್ಞನ ವಾರ್ಷಿಕ ಸಂಬಳ 100 ಪೌಂಡು. ಬಹುಮಾನವನ್ನು ನಿರ್ಣಯಿಸಲು ಅಡ್ಮಿರಲ್‌ಗಳು, ಪ್ರಾಧ್ಯಾಪಕರು, ಖಗೋಳಜ್ಞರು ಕೂಡಿದ ಒಂದು ರೇಖಾಂಶ ಮಂಡಳಿಯನ್ನು ನೇಮಿಸಲಾಯಿತು.

ಉಪಾಯವೇನೋ ಸುಲಭ. ಹೊರಟ ಬಂದರಿನ ಕಾಲವನ್ನು ತಪ್ಪದೆ ತೋರಿಸುವ ಗಡಿಯಾರವೊಂದು ಜೊತೆಯಲ್ಲಿದ್ದರೆ, ಹಡಗಿನ ಮೇಲಿನ ಮಧ್ಯಾಹ್ನಕ್ಕೂ ಅದಕ್ಕೂ ಇರುವ ಅಂತರವೇ ದೇಶಾಂತರ. ಆದರೆ ಆರು ವಾರಗಳ ಪಯಣದ ಕೊನೆಗೆ ಒಟ್ಟು ತಪ್ಪು ಎರಡು ನಿಮಿಷವನ್ನು ಮೀರಬಾರದು, ಅಂದರೆ ದಿನಕ್ಕೆ ಮೂರು ಸೆಕೆಂಡಿಗಿಂತ ಕಡಿಮೆ. ಆ ಕಾಲದ ಒಳ್ಳೆಯ ಜೇಬುಗಡಿಯಾರವೂ ದಿನಕ್ಕೆ ಒಂದು ನಿಮಿಷ ತಪ್ಪುತ್ತಿತ್ತು. ಲೋಲಕದ ಗಡಿಯಾರವು ಹಡಗಿನ ಓಲಾಟದಲ್ಲಿ ನಿಂತೇಹೋಗುತ್ತಿತ್ತು. ಹಡಗಿನ ಚಲನೆ, ಬಿಸಿ ಮತ್ತು ಚಳಿ, ತೇವ ಮತ್ತು ಒಣಹವೆ ಇವೆಲ್ಲವನ್ನೂ ತಡೆದುಕೊಳ್ಳುವ ಗಡಿಯಾರ ಇನ್ನೂ ಆಗಿಲ್ಲವೆಂದು ನ್ಯೂಟನ್ನನೇ ಪಾರ್ಲಿಮೆಂಟಿನ ಸಮಿತಿಗೆ ತಿಳಿಸಿದ್ದ. ಉತ್ತರವು ಆಕಾಶದಲ್ಲೇ ಸಿಗಬೇಕೆಂಬುದು ಪಂಡಿತರ ನಂಬಿಕೆಯಾಗಿತ್ತು.

ಉತ್ತರ ಸಿಕ್ಕಿದ್ದು ಲಿಂಕನ್‌ಷೈರ್‌ನ ಬ್ಯಾರೋ ಅಪಾನ್ ಹಂಬರ್ ಎಂಬ ಪುಟ್ಟ ಊರಿನಲ್ಲಿ, ಒಬ್ಬ ಬಡಗಿಯ ಮನೆಯಲ್ಲಿ.

ಜಾನ್ ಹ್ಯಾರಿಸನ್ ಹುಟ್ಟಿದ್ದು 1693ರಲ್ಲಿ, ಯಾರ್ಕ್‌ಷೈರ್‌ನ ಫೌಲ್ಬಿ ಎಂಬ ಹಳ್ಳಿಯಲ್ಲಿ. ತಂದೆ ಹೆನ್ರಿ ಬಡಗಿ. ಮಗ ಚಿಕ್ಕವನಿದ್ದಾಗಲೇ ಸಂಸಾರವು ಹಂಬರ್ ನದಿಯ ದಕ್ಷಿಣದ ದಡದಲ್ಲಿರುವ ಬ್ಯಾರೋಗೆ ಬಂದು ನೆಲೆಸಿತು. ಹುಡುಗನಿಗೆ ಆರನೆಯ ವಯಸ್ಸಿನಲ್ಲಿ ಸಿಡುಬು ಎದ್ದು ಹಾಸಿಗೆ ಹಿಡಿದಾಗ ದಿಂಬಿನ ಬಳಿ ಯಾರೋ ಒಂದು ಗಡಿಯಾರವನ್ನಿಟ್ಟಿದ್ದರಂತೆ, ಅವನು ಅದರ ಸದ್ದನ್ನೇ ಆಲಿಸುತ್ತ ಮಲಗಿರುತ್ತಿದ್ದನಂತೆ. ದೊಡ್ಡವರಾದವರ ಬಾಲ್ಯಕ್ಕೆ ಇಂಥ ಕಥೆಗಳು ತಾವಾಗಿಯೇ ಅಂಟಿಕೊಳ್ಳುತ್ತವೆ. ಖಚಿತವಾಗಿ ತಿಳಿದಿರುವುದೇನೆಂದರೆ, ಊರಿಗೆ ಬಂದಿದ್ದ ಪಾದ್ರಿಯೊಬ್ಬರು ಅವನಿಗೆ ಕೇಂಬ್ರಿಜ್‌ನ ಗಣಿತಜ್ಞ ಸಾಂಡರ್‌ಸನ್ನನ ಉಪನ್ಯಾಸಗಳ ಕೈಬರಹದ ಪ್ರತಿಯನ್ನು ಎರವಲು ಕೊಟ್ಟರು, ಅವನು ಅದನ್ನು ಚಿತ್ರಗಳ ಸಮೇತ ಪೂರ್ತಿಯಾಗಿ ನಕಲು ಮಾಡಿಕೊಂಡ. ಅವನಿಗಿದ್ದ ಕಾಲೇಜು ಅದೊಂದೇ. ಊರಿನ ಚರ್ಚಿನಲ್ಲಿ ಗಾಯನವೃಂದವನ್ನು ನಡೆಸುತ್ತಿದ್ದ, ಗಂಟೆಗಳ ಶ್ರುತಿ ಸರಿಪಡಿಸುತ್ತಿದ್ದ. ಶ್ರುತಿ ಹಿಡಿಯಬಲ್ಲ ಕಿವಿ ಮುಂದೆ ಅವನ ಕಸುಬಿಗೂ ಒದಗಿತೆಂದು ನಮಗೆ ತೋರುತ್ತದೆ.

ಇಪ್ಪತ್ತು ವರ್ಷ ತುಂಬುವ ಹೊತ್ತಿಗೆ, 1713ರಲ್ಲಿ, ಅವನು ತನ್ನ ಮೊದಲ ಗಡಿಯಾರವನ್ನು ಮಾಡಿದ. ಬಡಗಿಯ ಮಗನಾದ್ದರಿಂದ ಮರದಲ್ಲೇ ಮಾಡಿದ. ಹಲ್ಲುಗಾಲಿಗಳು ಓಕ್ ಮರದವು; ಪ್ರತಿಯೊಂದು ಹಲ್ಲಿನಲ್ಲೂ ಮರದ ಎಳೆಯು ಹಲ್ಲಿನ ಉದ್ದಕ್ಕೇ ಸಾಗುವಂತೆ ತುಂಡುಗಳನ್ನು ಆಯ್ದು ಕೂಡಿಸಿದ್ದರಿಂದ ಅವು ಮುರಿಯುತ್ತಿರಲಿಲ್ಲ. ಸುಮಾರು 1722ರಲ್ಲಿ ಹತ್ತಿರದ ಬ್ರಾಕಲ್ಸ್‌ಬಿ ಪಾರ್ಕ್ ಎಂಬ ಜಮೀನ್ದಾರಿ ಮನೆಯ ಲಾಯದ ಗೋಪುರಕ್ಕೆ ಅವನು ಮಾಡಿಕೊಟ್ಟ ಗಡಿಯಾರಕ್ಕೆ ಎಣ್ಣೆಯೇ ಬೇಡ. ಆ ಕಾಲದ ಎಣ್ಣೆಯು ಚಳಿಗೆ ಗಟ್ಟಿಯಾಗಿ, ಸೆಕೆಗೆ ತೆಳುವಾಗಿ ಗಡಿಯಾರಗಳನ್ನು ಕೆಡಿಸುತ್ತಿತ್ತು. ಹ್ಯಾರಿಸನ್ ತಿರುಗುವ ಭಾಗಗಳಿಗೆ ಲಿಗ್ನಮ್ ವೀಟೆ ಎಂಬ ಗಡಸು ಮರವನ್ನು ಬಳಸಿದ. ಆ ಮರವು ತನ್ನೊಳಗಿನ ಜಿಡ್ಡನ್ನು ತಾನೇ ಒಸರುತ್ತದೆ. ನಮ್ಮ ಗಾಣಗಳ, ರಾಟೆಗಳ ಬಡಗಿಗಳು ಇದನ್ನು ಕೇಳಿದ್ದರೆ ತಲೆದೂಗುತ್ತಿದ್ದರು.

ಇಲ್ಲಿ ಮನೆಯವರನ್ನು ಪರಿಚಯಿಸಬೇಕು. 1718ರಲ್ಲಿ ಜಾನ್ ಎಲಿಜಬೆತ್ ಬ್ಯಾರೆಲ್ ಎಂಬವಳನ್ನು ಮದುವೆಯಾದ. ಒಬ್ಬ ಮಗ ಹುಟ್ಟಿದ, ಅವನಿಗೂ ಜಾನ್ ಎಂದೇ ಹೆಸರು. 1726ರಲ್ಲಿ ಆಕೆ ತೀರಿಕೊಂಡಳು. ಅದೇ ವರ್ಷದ ಕೊನೆಯಲ್ಲಿ ಅವನು ಎಲಿಜಬೆತ್ ಸ್ಕಾಟ್‌ಳನ್ನು ಮದುವೆಯಾದ. ಅವರ ದಾಂಪತ್ಯ ಐವತ್ತು ವರ್ಷಗಳಿಗೆ ಹತ್ತಿರವಾಯಿತು. 1728ರಲ್ಲಿ ವಿಲಿಯಂ ಹುಟ್ಟಿದ, ಆಮೇಲೆ ಎಲಿಜಬೆತ್ ಎಂಬ ಮಗಳು. ಮೊದಲ ಮಗ ಜಾನ್ ಹದಿಹರೆಯದಲ್ಲೇ ತೀರಿಹೋದ. ಇವರ ಜೊತೆಗೆ ಜಾನ್‌ಗಿಂತ ಹನ್ನೊಂದು ವರ್ಷ ಚಿಕ್ಕವನಾದ ತಮ್ಮ ಜೇಮ್ಸ್. ಅಣ್ಣನ ಹೆಸರಿನ ಪ್ರಭೆಯಲ್ಲಿ ತಮ್ಮ ಮರೆಯಾಗಿಬಿಟ್ಟಿದ್ದಾನೆ. ಆದರೆ 1725ರಿಂದ 1728ರವರೆಗೆ ಬ್ಯಾರೋದಲ್ಲಿ ಆದ ಅತ್ಯುತ್ತಮ ಗಡಿಯಾರಗಳು ಇಬ್ಬರ ಕೆಲಸ; ಕೆಲವದರ ಮೇಲೆ ಕೆತ್ತಿರುವುದು ಜೇಮ್ಸನ ಹೆಸರೇ.

ಆ ಗಡಿಯಾರಗಳ ಲೋಲಕವು ಸೋಜಿಗದ್ದು. ಬಿಸಿಗೆ ಲೋಹದ ಸರಳು ಹಿಗ್ಗುತ್ತದೆ, ಲೋಲಕವು ಉದ್ದವಾಗಿ ಗಡಿಯಾರವು ನಿಧಾನವಾಗುತ್ತದೆ. ಸೋದರರು ಹಿತ್ತಾಳೆಯ ಮತ್ತು ಉಕ್ಕಿನ ಒಂಬತ್ತು ಸರಳುಗಳನ್ನು ಕಿಟಕಿಯ ಕಂಬಿಗಳಂತೆ ಅಕ್ಕಪಕ್ಕದಲ್ಲಿ ಜೋಡಿಸಿದರು. ಒಂದು ಲೋಹ ಕೆಳಕ್ಕೆ ಹಿಗ್ಗಿದಷ್ಟನ್ನು ಇನ್ನೊಂದು ಮೇಲಕ್ಕೆ ಹಿಗ್ಗಿ ಸರಿದೂಗಿಸುತ್ತಿತ್ತು. ಇಷ್ಟು ಮಾಡಿದ ಮೇಲೆ ಗಡಿಯಾರ ಸರಿಯಿದೆಯೆಂದು ನೋಡುವುದಾದರೂ ಹೇಗೆ? ಅದಕ್ಕಿಂತ ಉತ್ತಮವಾದ ಇನ್ನೊಂದು ಗಡಿಯಾರ ಆ ಸೀಮೆಯಲ್ಲೇ ಇರಲಿಲ್ಲ. ಅವರು ನಕ್ಷತ್ರಗಳನ್ನು ಕೇಳಿದರು. ತಮ್ಮ ಮನೆಯ ಕಿಟಕಿಯ ಅಂಚು ಮತ್ತು ನೆರೆಮನೆಯ ಹೊಗೆಗೂಡು ಇವೆರಡನ್ನು ಗುರುತಿಗಿಟ್ಟುಕೊಂಡು, ರಾತ್ರಿ ರಾತ್ರಿ ಒಂದು ನಿರ್ದಿಷ್ಟ ನಕ್ಷತ್ರವು ಹೊಗೆಗೂಡಿನ ಹಿಂದೆ ಮರೆಯಾಗುವ ಗಳಿಗೆಯನ್ನು ಬರೆದಿಟ್ಟರು. ನಕ್ಷತ್ರವು ಪ್ರತಿರಾತ್ರಿ ಹಿಂದಿನ ರಾತ್ರಿಗಿಂತ 3 ನಿಮಿಷ 56 ಸೆಕೆಂಡು ಮೊದಲೇ ಮರೆಯಾಗಬೇಕು. ತಮ್ಮ ಗಡಿಯಾರವು ತಿಂಗಳಿಗೆ ಒಂದು ಸೆಕೆಂಡಿಗಿಂತ ಹೆಚ್ಚು ತಪ್ಪುವುದಿಲ್ಲವೆಂದು ಅವರು ಕಂಡುಕೊಂಡರು. ಲಂಡನ್ನಿನ ಯಾವ ಪ್ರಸಿದ್ಧ ಗಡಿಯಾರಗಾರನೂ ಅದರ ಹತ್ತಿರಕ್ಕೆ ಬಂದಿರಲಿಲ್ಲ.

1730ರಲ್ಲಿ, 37 ವರ್ಷದ ಹ್ಯಾರಿಸನ್ ಕಡಲ ಗಡಿಯಾರದ ನಕ್ಷೆಯನ್ನು ಹಿಡಿದು ಲಂಡನ್ನಿಗೆ ಹೋದ. ಮಂಡಳಿಯು ಹದಿನಾರು ವರ್ಷಗಳಲ್ಲಿ ಒಮ್ಮೆಯೂ ಸಭೆ ಸೇರಿರಲಿಲ್ಲ, ಆದ್ದರಿಂದ ನೇರವಾಗಿ ರಾಜಖಗೋಳಜ್ಞ ಎಡ್ಮಂಡ್ ಹ್ಯಾಲಿಯ ಮನೆಯ ಬಾಗಿಲು ತಟ್ಟಿದ. ಹ್ಯಾಲಿಯು ಅವನನ್ನು ಗಡಿಯಾರಗಾರ ಜಾರ್ಜ್ ಗ್ರಹಾಂನ ಬಳಿಗೆ ಕಳುಹಿಸಿದ. ಬೆಳಗ್ಗೆ ಹತ್ತಕ್ಕೆ ಒರಟಾಗಿಯೇ ಆರಂಭವಾದ ಆ ಮಾತುಕತೆ ರಾತ್ರಿ ಎಂಟರವರೆಗೆ ಸಾಗಿತು. ಊಟವೂ ಅಲ್ಲಿಯೇ ಆಯಿತು. ಗ್ರಹಾಂ ಬಡ್ಡಿಯಿಲ್ಲದ ಸಾಲವನ್ನು ಕೊಟ್ಟು ಕಳುಹಿಸಿದ. ಈ ಕಥೆಯಲ್ಲಿ ಪಂಡಿತರ ಕಿರುಕುಳದ ಮಾತು ಮುಂದೆ ಬಹಳ ಬರಲಿದೆ. ಆದ್ದರಿಂದ ಹ್ಯಾಲಿ ಮತ್ತು ಗ್ರಹಾಂ ಎಂಬ ಇಬ್ಬರು ಪಂಡಿತರ ಔದಾರ್ಯವನ್ನು ಇಲ್ಲಿಯೇ ನೆನೆದುಬಿಡುವುದು ನ್ಯಾಯ.

ಸೋದರರು ಐದು ವರ್ಷ ದುಡಿದು 1735ರಲ್ಲಿ ಮುಗಿಸಿದ ಮೊದಲ ಕಡಲ ಗಡಿಯಾರವನ್ನು ಈಗ ಎಚ್-1 ಎನ್ನುತ್ತಾರೆ. 34 ಕಿಲೋ ತೂಕದ ಹಿತ್ತಾಳೆಯ ಯಂತ್ರ. ಒಂದಕ್ಕೊಂದು ಎದುರುಬದುರಾಗಿ ತೂಗುವ ಎರಡು ದಂಡಗಳನ್ನು ಸ್ಪ್ರಿಂಗಿನಿಂದ ಜೋಡಿಸಿದ್ದರಿಂದ ಹಡಗಿನ ಓಲಾಟವು ಒಂದರಲ್ಲಿ ಮಾಡಿದ ತಪ್ಪನ್ನು ಇನ್ನೊಂದರಲ್ಲಿ ಕಳೆದುಬಿಡುತ್ತಿತ್ತು. 1736ರಲ್ಲಿ ಹ್ಯಾರಿಸನ್ ಅದರೊಂದಿಗೆ ಲಿಸ್ಬನ್ನಿಗೆ ಹೋದ. ದಾರಿಯುದ್ದಕ್ಕೂ ಅವನಿಗೆ ವಾಂತಿ. ಹಿಂದಿರುಗುವಾಗ ಇಂಗ್ಲೆಂಡಿನ ತೀರ ಕಂಡಿತು. ಅಧಿಕಾರಿಗಳು ಅದು ಡೆವನ್‌ನ ಸ್ಟಾರ್ಟ್ ಭೂಶಿರವೆಂದರು. ಹ್ಯಾರಿಸನ್ ಅಲ್ಲ, ಲಿಜರ್ಡ್ ಎಂದ. ಸುಮಾರು 60 ಮೈಲಿಗಳ ವ್ಯತ್ಯಾಸ. ಅದು ಲಿಜರ್ಡೇ ಆಗಿತ್ತು.

1737ರಲ್ಲಿ ಕೊನೆಗೂ ಸಭೆ ಸೇರಿದ ಮಂಡಳಿಯು ಅವನನ್ನು ಹೊಗಳಲು ಸಿದ್ಧವಾಗಿತ್ತು. ಆ ಕೋಣೆಯಲ್ಲಿ ಎಚ್-1ರ ದೋಷಗಳನ್ನು ಎತ್ತಿ ಹೇಳಿದವನು ಹ್ಯಾರಿಸನ್ ಒಬ್ಬನೇ. ಇನ್ನೂ ಚೆನ್ನಾಗಿರುವುದನ್ನು ಮಾಡಿಕೊಡುತ್ತೇನೆ, 500 ಪೌಂಡು ಕೊಡಿ ಎಂದ. ವೆಸ್ಟ್ ಇಂಡೀಸ್‌ಗೆ ಪರೀಕ್ಷೆಯ ಯಾನವನ್ನು ಆಗಲೇ ಕೇಳಿದ್ದರೆ ಏನಾಗುತ್ತಿತ್ತೋ ಎಂದು ಓದುವವರಿಗೆ ಅನ್ನಿಸದಿರದು. ಅವನ ಸ್ವಭಾವವೇ ಅಂಥದು; ಮಾಡಿದ್ದರಲ್ಲಿ ತೃಪ್ತಿಯಿಲ್ಲ. ಸಂಸಾರವು ಲಂಡನ್ನಿಗೆ ಬಂತು. ಜೇಮ್ಸ್ ಬ್ಯಾರೋಗೆ ಮರಳಿಹೋದ. ಎಚ್-2 ಆಯಿತು, ಅದರಲ್ಲೂ ಒಂದು ದೋಷ ಕಂಡಿತು, ಅದನ್ನು ಹಡಗು ಹತ್ತಿಸಲೇ ಇಲ್ಲ. ಆಮೇಲೆ ಎಚ್-3.

ಎಚ್-3 ಹತ್ತೊಂಬತ್ತು ವರ್ಷಗಳನ್ನು ನುಂಗಿತು. ಅದರಲ್ಲಿ 753 ಭಾಗಗಳಿವೆ. ಅದಕ್ಕಾಗಿ ಅವನು ಕಂಡುಹಿಡಿದ ಎರಡು ಸಾಧನಗಳು ಇಂದಿಗೂ ನಮ್ಮ ಮನೆಗಳಲ್ಲಿವೆ. ಎರಡು ಲೋಹಗಳನ್ನು ಬೆಸೆದ ಪಟ್ಟಿಯು ಬಿಸಿಗೆ ಬಾಗುವ ತಂತ್ರವು ಇಸ್ತ್ರಿಪೆಟ್ಟಿಗೆಯಲ್ಲೂ ನೀರು ಕಾಯಿಸುವ ಕೆಟಲಿನಲ್ಲೂ ಇದೆ. ಪಂಜರದೊಳಗೆ ಉರುಳೆಗಳನ್ನಿಟ್ಟ ಬೇರಿಂಗ್ ತಿರುಗುವ ಯಂತ್ರಗಳಲ್ಲೆಲ್ಲ ಇದೆ. ಆದರೆ ಎಚ್-3 ತಾನು ಗೆಲ್ಲಲಿಲ್ಲ. ಅದು ಆರಂಭವಾದಾಗ ವಿಲಿಯಂ ಹನ್ನೆರಡರ ಹುಡುಗ, ಮುಗಿದಾಗ ಮೂವತ್ತೊಂದರ ಗಂಡಸು. ರೆಡ್ ಲಯನ್ ಸ್ಕ್ವೇರಿನ ಆ ಮನೆಯಲ್ಲಿ ಅವನು ಬೆಳೆದದ್ದು, ಕಸುಬು ಕಲಿತದ್ದು, ತಂದೆಯ ಬಲಗೈಯಾದದ್ದು ಎಲ್ಲವೂ ಒಂದೇ ಯಂತ್ರದ ಸುತ್ತ. ಮಂಡಳಿಯಿಂದ ಆಗಾಗ ದೊರೆಯುತ್ತಿದ್ದ 500 ಪೌಂಡುಗಳಲ್ಲಿ ಮನೆಯೂ ನಡೆಯಬೇಕು, ಹಿತ್ತಾಳೆಯೂ ಬರಬೇಕು. ಪರದೇಶದಲ್ಲಿ ಹೋಟೆಲು, ಅಂಗಡಿ ನಡೆಸುತ್ತಿರುವ ನಮ್ಮ ಕುಟುಂಬಗಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ; ಅಂಗಡಿಯ ಹಿಂದಿನ ಕೋಣೆಯಲ್ಲಿ ಲೆಕ್ಕದ ಪುಸ್ತಕದ ಪಕ್ಕದಲ್ಲೇ ಮನೆಪಾಠ ಬರೆದು ಬೆಳೆದ ಮಕ್ಕಳು ನಮ್ಮಲ್ಲೂ ಇದ್ದಾರೆ.

1753ರಲ್ಲಿ ಜಾನ್ ಜೆಫ್ರಿಸ್ ಎಂಬ ಗಡಿಯಾರಗಾರನು ಹ್ಯಾರಿಸನ್ನನ ಸೂಚನೆಯಂತೆ ಒಂದು ಜೇಬುಗಡಿಯಾರವನ್ನು ಮಾಡಿಕೊಟ್ಟ. ಅದು ನಡೆಯುವ ರೀತಿಯನ್ನು ಕಂಡು ಹ್ಯಾರಿಸನ್ ಬೆರಗಾದ. ಇಪ್ಪತ್ತು ವರ್ಷ ದೊಡ್ಡ ಯಂತ್ರಗಳಲ್ಲಿ ಹುಡುಕಿದ್ದು ಅಂಗೈಯಗಲದ ವಸ್ತುವಿನಲ್ಲಿತ್ತು. ಚಿಕ್ಕ ಚಕ್ರವು ವೇಗವಾಗಿ, ಬಲವಾಗಿ ತೂಗಿದರೆ ಹಡಗಿನ ನಿಧಾನವಾದ ಓಲಾಟವು ಅದನ್ನು ಕದಡಲಾರದು. 1759ರಲ್ಲಿ ಸಿದ್ಧವಾದ ಎಚ್-4 ನೋಡಲು ಒಂದು ದೊಡ್ಡ ಜೇಬುಗಡಿಯಾರ: 13 ಸೆಂಟಿಮೀಟರು ಅಗಲ, ಒಂದೂವರೆ ಕಿಲೋಗಿಂತ ಸ್ವಲ್ಪ ಕಡಿಮೆ ತೂಕ, ಸೆಕೆಂಡಿಗೆ ಐದು ಬಡಿತ, ಒಳಗೆ ವಜ್ರ ಮತ್ತು ಕೆಂಪುಗಳ ಕೀಲುಗಳು. ಅರುವತ್ತಾರರ ವಯಸ್ಸಿನಲ್ಲಿ ಮನುಷ್ಯನೊಬ್ಬ ತನ್ನ ಇಪ್ಪತ್ತು ವರ್ಷಗಳ ದಾರಿ ತಪ್ಪೆಂದು ಒಪ್ಪಿಕೊಂಡು ಹೊಸ ದಾರಿ ಹಿಡಿದು ಗೆದ್ದದ್ದು ನಮಗೆ ಗಡಿಯಾರಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ತಂದೆಗೆ ವಯಸ್ಸಾಗಿತ್ತು, ಕಡಲಿಗೆ ಹೊರಟವನು ವಿಲಿಯಂ. 1761ರ ಬೇಸಿಗೆಯಿಡೀ ಅಪ್ಪಣೆಗಾಗಿ ಪೋರ್ಟ್ಸ್‌ಮತ್‌ನಲ್ಲಿ ಕಾದು, ನವೆಂಬರ್ 18ರಂದು ಡೆಪ್ಟ್‌ಫರ್ಡ್ ಎಂಬ ಹಡಗಿನಲ್ಲಿ ಜಮೈಕಾಗೆ ಹೊರಟ. ಗಡಿಯಾರದ ಪೆಟ್ಟಿಗೆಗೆ ನಾಲ್ಕು ಬೀಗಗಳು. ಒಂದು ಕೀಲಿ ವಿಲಿಯಂನಲ್ಲಿ. ಉಳಿದವು ಕಪ್ತಾನ, ಅವನ ಲೆಫ್ಟಿನೆಂಟ್ ಮತ್ತು ಅದೇ ಹಡಗಿನಲ್ಲಿದ್ದ ಜಮೈಕಾದ ಗವರ್ನರ್ ಇವರಲ್ಲಿ. ಪ್ರತಿದಿನ ಕೀಲಿ ಕೊಡುವಾಗ ನಾಲ್ವರೂ ಕೂಡಬೇಕು. ನಡುವೆ ಹಡಗಿನ ಬಿಯರ್ ಕೆಟ್ಟುಹೋಯಿತು; ನಾವಿಕರು ನೀರು ಕುಡಿಯಬೇಕಾಯಿತೆಂದು ಮುಖ ಗಂಟಿಕ್ಕಿಕೊಂಡರು. ಮದೀರಾ ದ್ವೀಪ ಎಲ್ಲಿದೆಯೆಂದು ವಾದವೆದ್ದಿತು. ಇದೇ ದಿಕ್ಕಿನಲ್ಲಿ ಹೋದರೆ ನಾಳೆ ನೆಲ ಕಾಣುತ್ತದೆ ಎಂದ ವಿಲಿಯಂ. ಕಪ್ತಾನ ಡಿಗ್ಸ್ ಒಂದಕ್ಕೆ ಐದರ ಪಂಥ ಕಟ್ಟಿದ, ಆದರೂ ದಿಕ್ಕು ಬದಲಿಸಲಿಲ್ಲ. ಮರುದಿನ ಬೆಳಗ್ಗೆ ನೆಲ ಕಂಡಿತು. ಇನ್ನೊಂದು ಗಡಿಯಾರವಾದರೆ ತಾನೇ ಕೊಳ್ಳುತ್ತೇನೆಂದು ಕಪ್ತಾನನೇ ಹೇಳಿದ. 1762ರ ಜನವರಿಯಲ್ಲಿ ಜಮೈಕಾ ತಲುಪಿ ಲೆಕ್ಕ ನೋಡಿದರೆ, 81 ದಿನಗಳಲ್ಲಿ ಗಡಿಯಾರ ಹಿಂದೆ ಬಿದ್ದದ್ದು ಕೇವಲ 5 ಸೆಕೆಂಡು. ಮರಳುವಾಗ ಹಡಗು ಚಿಕ್ಕದು, ಬಿರುಗಾಳಿ ಭೀಕರ. ಕೋಣೆಯೊಳಗೆ ನೀರು ನುಗ್ಗುತ್ತಿತ್ತು. ವಿಲಿಯಂ ಗಡಿಯಾರಕ್ಕೆ ತನ್ನ ಕಂಬಳಿ ಹೊದಿಸಿದ. ಕಂಬಳಿ ನೆನೆದಾಗ ತಾನೇ ಅದನ್ನು ಹೊದ್ದು ಮಲಗಿ ಮೈಯ ಬಿಸಿಯಿಂದ ಒಣಗಿಸಿದ. ಮನೆ ಸೇರಿದಾಗ ಮೈ ಸುಡುತ್ತಿತ್ತು. ಹೋಗಿಬಂದ ಒಟ್ಟು ತಪ್ಪು ಎರಡು ನಿಮಿಷಕ್ಕೂ ಕಡಿಮೆ.

ಈ ಯಾನಗಳು ಯಾರಿಗಾಗಿ ಎಂಬುದನ್ನೂ ಹೇಳಬೇಕು. ಜಮೈಕಾ, ಬಾರ್ಬಡೋಸ್‌ಗಳ ಸಕ್ಕರೆಯನ್ನು ಬೆಳೆಸುತ್ತಿದ್ದವರು ಆಫ್ರಿಕದಿಂದ ಹೊತ್ತು ತಂದ ಗುಲಾಮರು. ಮುಂದೆ ನಮ್ಮ ನಾಡಿನ ಕಡೆಗೆ ಹೊರಟ ಈಸ್ಟ್ ಇಂಡಿಯಾ ಕಂಪನಿಯ ಕಪ್ತಾನರೂ ಇಂಥ ಗಡಿಯಾರಗಳನ್ನು ಮೊದಮೊದಲೇ ಕೊಂಡವರಲ್ಲಿ ಸೇರಿದ್ದರು. ಗಡಿಯಾರ ಮಾಡಿದವನ ಕೈ ಶುದ್ಧವಾಗಿರಬಹುದು, ಅದು ಸೇರಿದ ಕೈಗಳೆಲ್ಲ ಹಾಗಿರಲಿಲ್ಲ.

ಗೆದ್ದೆವೆಂದುಕೊಂಡ ಮನೆಗೆ ಮಂಡಳಿಯ ಉತ್ತರ ಬಂತು: ಜಮೈಕಾದ ರೇಖಾಂಶವೇ ಸರಿಯಾಗಿ ತಿಳಿದಿಲ್ಲ, ಇದು ಆಕಸ್ಮಿಕವೂ ಆಗಿರಬಹುದು, ಇನ್ನೊಮ್ಮೆ ಹೋಗಿಬನ್ನಿ. 1764ರಲ್ಲಿ ವಿಲಿಯಂ ಮತ್ತೊಮ್ಮೆ ಗಡಿಯಾರವನ್ನು ಹಿಡಿದು ಬಾರ್ಬಡೋಸ್‌ಗೆ ಹೋದ. ಅಲ್ಲಿ ಪರೀಕ್ಷಕನಾಗಿ ಕಾದಿದ್ದವನು ನೆವಿಲ್ ಮ್ಯಾಸ್ಕಲಿನ್; ಚಂದ್ರನಿಗೂ ನಕ್ಷತ್ರಗಳಿಗೂ ಇರುವ ದೂರವನ್ನು ಅಳೆದು ರೇಖಾಂಶ ತಿಳಿಯುವ ವಿಧಾನದ ಪಕ್ಷಪಾತಿ. ಪ್ರತಿಸ್ಪರ್ಧಿಯೇ ತೀರ್ಪುಗಾರನೇ ಎಂದು ವಿಲಿಯಂ ಪ್ರತಿಭಟಿಸಿದ. ಜಗಳವಾದರೂ ಪರೀಕ್ಷೆ ನಡೆಯಿತು. ಗಡಿಯಾರದ ತಪ್ಪು 39 ಸೆಕೆಂಡು, ಅಂದರೆ ಸುಮಾರು 10 ಮೈಲಿ. ಕಾಯಿದೆ ಕೇಳಿದ್ದಕ್ಕಿಂತ ಮೂರು ಪಟ್ಟು ಉತ್ತಮ.

1765ರಲ್ಲಿ ಎರಡು ಸಂಗತಿಗಳಾದವು. ಮ್ಯಾಸ್ಕಲಿನ್ ರಾಜಖಗೋಳಜ್ಞನಾಗಿ ಮಂಡಳಿಯೊಳಗೇ ಬಂದು ಕುಳಿತ. ಪಾರ್ಲಿಮೆಂಟು ಹೊಸ ಕಾಯಿದೆ ಮಾಡಿತು: ಗಡಿಯಾರದ ರಹಸ್ಯವನ್ನು ಬಿಚ್ಚಿ ತೋರಿಸಿದರೆ ಅರ್ಧ ಬಹುಮಾನ, ಅದರಂಥವನ್ನು ಮತ್ತೆ ಮಾಡಬಹುದೆಂದು ಸಾಧಿಸಿದರೆ ಉಳಿದರ್ಧ. ಎಪ್ಪತ್ತೆರಡರ ಮುದುಕ ಸಭೆಯಿಂದ ಸಿಟ್ಟಿನಿಂದ ಎದ್ದು ಹೊರಟುಹೋದ. ಕೊನೆಗೆ ಬೇರೆ ದಾರಿಯಿಲ್ಲದೆ ಒಪ್ಪಿದ. ಆಗಸ್ಟ್‌ನಲ್ಲಿ ಆರು ದಿನ ತನ್ನ ಮನೆಯಲ್ಲೇ ಸಮಿತಿಯ ಮುಂದೆ ಎಚ್-4ನ್ನು ತುಂಡುತುಂಡಾಗಿ ಬಿಚ್ಚಿ ವಿವರಿಸಿದ. ಆ ಸಮಿತಿಯಲ್ಲಿದ್ದ ಗಡಿಯಾರಗಾರ ಥಾಮಸ್ ಮಜ್, ಫ್ರಾನ್ಸಿನಿಂದ ಬಂದ ಫರ್ಡಿನ್ಯಾಂಡ್ ಬರ್ತೂಗೆ ಮರುವರ್ಷ ಊಟದ ಮೇಜಿನಲ್ಲಿ ಎಲ್ಲವನ್ನೂ ಹೇಳಿಬಿಟ್ಟ.

1766ರ ಮೇ ತಿಂಗಳಿನ ಒಂದು ದಿನ ಮ್ಯಾಸ್ಕಲಿನ್ ಅಧಿಕಾರಪತ್ರ ಹಿಡಿದು ರೆಡ್ ಲಯನ್ ಸ್ಕ್ವೇರಿನ ಮನೆಯ ಬಾಗಿಲಿಗೆ ಬಂದ. ಮೂರು ದೊಡ್ಡ ಗಡಿಯಾರಗಳು ಇನ್ನು ಸರ್ಕಾರದ ಸೊತ್ತು, ಗ್ರಿನಿಚ್‌ಗೆ ಒಯ್ಯಬೇಕು. ಮೂವತ್ತು ವರ್ಷ ಮನೆಯಲ್ಲಿ ಸದ್ದು ಮಾಡುತ್ತಿದ್ದವುಗಳನ್ನು ಹೊರಸಾಗಿಸುವಾಗ ಎಚ್-1 ಕೆಳಗೆ ಬಿತ್ತು. ಉಳಿದವನ್ನು ಸ್ಪ್ರಿಂಗಿಲ್ಲದ ಬಂಡಿಯಲ್ಲಿ ಲಂಡನ್ನಿನ ಕಲ್ಲುಬೀದಿಗಳ ಮೇಲೆ ಕುಲುಕಿಸುತ್ತ ಒಯ್ದರು.

ಮ್ಯಾಸ್ಕಲಿನ್ನನನ್ನು ಖಳನಾಯಕನನ್ನಾಗಿ ಮಾಡುವುದು ಸುಲಭ, ಹಲವರು ಮಾಡಿದ್ದಾರೆ. ನಾವು ಅಷ್ಟು ದೂರ ಹೋಗಲಾರೆವು. ಅವನ ಚಂದ್ರವಿಧಾನವೂ ನಿಜವಾಗಿ ಕೆಲಸ ಮಾಡುತ್ತಿತ್ತು; ಅವನು 1767ನೆಯ ವರ್ಷದಿಂದ ಹೊರತಂದ ನಾಟಿಕಲ್ ಅಲ್ಮನಾಕ್ ಎಂಬ ಪಂಚಾಂಗವು ನಾಲ್ಕು ಗಂಟೆಗಳ ಗಣಿತವನ್ನು ಸುಮಾರು ಅರ್ಧ ಗಂಟೆಗೆ ಇಳಿಸಿತು. ಜಗತ್ತಿನಲ್ಲಿ ಒಂದೇ ಒಂದಿರುವ ಗಡಿಯಾರದಿಂದ ಒಂದು ನೌಕಾಪಡೆ ನಡೆಯದು ಎಂಬ ಮಂಡಳಿಯ ಮಾತಿನಲ್ಲೂ ತಥ್ಯವಿತ್ತು. ಆದರೆ ಆ ಷರತ್ತು 1714ರ ಕಾಯಿದೆಯಲ್ಲಿ ಹಾಗೆ ಬರೆದಿರಲಿಲ್ಲ. ಓಡಿ ಮುಟ್ಟಿದ ಮೇಲೆ ಗುರಿಯ ಗೂಟವನ್ನು ಕಿತ್ತು ಮುಂದೆ ನೆಟ್ಟರೆ, ಗೂಟ ನೆಡಲು ಒಳ್ಳೆಯ ಕಾರಣಗಳಿದ್ದರೂ ಓಡಿದವನಿಗೆ ಅನ್ಯಾಯವೇ.

ಇನ್ನೂ ಎರಡು ಗಡಿಯಾರ ಮಾಡಿ ಎಂದಿತು ಮಂಡಳಿ. ನೋಡಿ ಮಾಡಲು ಎಚ್-4ನ್ನೂ ಕೊಡಲಿಲ್ಲ. ತಂದೆ ಮಗ ಸೇರಿ ಎಚ್-5ನ್ನು ಮಾಡಿದರು. ಅದು ಮುಗಿದಾಗ ಜಾನ್‌ಗೆ ಎಪ್ಪತ್ತೇಳು. ಎರಡನೆಯದಕ್ಕೆ ಕಣ್ಣು, ಕೈ ಎರಡೂ ಉಳಿದಿರಲಿಲ್ಲ. ಈ ಹೊತ್ತಿಗೆ ಲಾರ್ಕಮ್ ಕೆಂಡಲ್ ಎಂಬವನು ಮಂಡಳಿಯ ಆದೇಶದಂತೆ ಎಚ್-4ರ ತದ್ರೂಪವನ್ನು ಮಾಡಿ ಮುಗಿಸಿದ್ದ. ಅದು ಲೆಕ್ಕಕ್ಕಿಲ್ಲ, ಮಾಡಬೇಕಾದವರು ಹ್ಯಾರಿಸನ್ನರೇ ಎಂದರು.

1772ರ ಜನವರಿಯಲ್ಲಿ ವಿಲಿಯಂ ದೊರೆ ಮೂರನೆಯ ಜಾರ್ಜನಿಗೆ ಪತ್ರ ಬರೆದ. ಇದು ಅವನ ಕೆಲಸವೇ ಆಗಿತ್ತು. ಜಾನ್ ಹ್ಯಾರಿಸನ್ನನ ಬರವಣಿಗೆ ಕಾಡುದಾರಿಯಂಥದು, ಒಂದು ವಾಕ್ಯ ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತದೆಂದು ಓದುವವರಿಗೆ ತಿಳಿಯದು. ದೊರೆಗೆ ವಿಜ್ಞಾನದಲ್ಲಿ ಆಸಕ್ತಿಯಿತ್ತು. ವಿಲಿಯಂನನ್ನು ಕರೆಸಿ ಕೇಳಿದ; ಈ ಜನರಿಗೆ ಕ್ರೂರ ಅನ್ಯಾಯವಾಗಿದೆಯೆಂದು ತನ್ನಷ್ಟಕ್ಕೆ ಗೊಣಗಿಕೊಂಡನಂತೆ. ರಿಚ್ಮಂಡಿನಲ್ಲಿದ್ದ ದೊರೆಯ ಖಾಸಗಿ ವೀಕ್ಷಣಾಲಯದಲ್ಲಿ ಎಚ್-5ನ್ನು ಪರೀಕ್ಷೆಗಿಟ್ಟರು. ಮೊದಲ ದಿನಗಳಲ್ಲಿ ಅದು ಮನಬಂದಂತೆ ನಡೆಯಿತು! ಹ್ಯಾರಿಸನ್ನರು ಕಂಗಾಲಾದರು. ಪಕ್ಕದ ಕಪಾಟಿನಲ್ಲಿ ತಾನು ಅಯಸ್ಕಾಂತದ ಕಲ್ಲುಗಳನ್ನಿಟ್ಟಿದ್ದು ದೊರೆಗೆ ಆಗ ನೆನಪಾಯಿತು. ಅವನ್ನು ತೆಗೆದ ಮೇಲೆ ಹತ್ತು ವಾರಗಳಲ್ಲಿ ದಿನಕ್ಕೆ ಸೆಕೆಂಡಿನ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತಪ್ಪಲಿಲ್ಲ. 1773ರಲ್ಲಿ ಪಾರ್ಲಿಮೆಂಟು 8,750 ಪೌಂಡುಗಳನ್ನು ಮಂಜೂರು ಮಾಡಿತು. ಹ್ಯಾರಿಸನ್ನನಿಗೆ ಆಗ ಎಂಬತ್ತು. ಹಣ ಬಂತು, ‘ಬಹುಮಾನ’ವೆಂಬ ಹೆಸರು ಬರಲಿಲ್ಲ, ಅದು ಯಾರಿಗೂ ಎಂದೂ ಸಲ್ಲಲಿಲ್ಲ. ಇತ್ತ ಕೆಂಡಲ್‌ನ ತದ್ರೂಪವನ್ನು ತನ್ನ ಎರಡನೆಯ ಮಹಾಯಾನಕ್ಕೆ ಒಯ್ದಿದ್ದ ಕಪ್ತಾನ ಜೇಮ್ಸ್ ಕುಕ್ 1775ರಲ್ಲಿ ಅದನ್ನು ಬಾಯ್ತುಂಬ ಹೊಗಳುತ್ತ ಮರಳಿದ.

ಅದೇ ವರ್ಷ ಹ್ಯಾರಿಸನ್ ಒಂದು ಪುಸ್ತಕ ಬರೆದ. ನೂರು ದಿನಗಳಲ್ಲಿ ಒಂದು ಸೆಕೆಂಡು ಮಾತ್ರ ತಪ್ಪುವ ಲೋಲಕದ ಗಡಿಯಾರವನ್ನು ಮಾಡಬಹುದೆಂದು ಅದರಲ್ಲಿ ಹೇಳಿದ್ದ. ಮುದುಕನಿಗೆ ಅರಳುಮರಳೆಂದು ನಕ್ಕರು. ಮಾರ್ಟಿನ್ ಬರ್ಜೆಸ್ ಎಂಬ ಕುಶಲಕರ್ಮಿ ನಮ್ಮ ಕಾಲದಲ್ಲಿ ಅದೇ ತತ್ತ್ವದಂತೆ ಕಟ್ಟಿದ ಗಡಿಯಾರವನ್ನು ಗ್ರಿನಿಚ್‌ನಲ್ಲಿ ಮೊಹರು ಮಾಡಿ ಪರೀಕ್ಷಿಸಿದರು; 2015ರಲ್ಲಿ ಫಲಿತಾಂಶ ಹೊರಬಿತ್ತು. ನೂರು ದಿನಗಳ ಕೊನೆಗೆ ಅದರ ತಪ್ಪು ಒಂದು ಸೆಕೆಂಡಿನೊಳಗೇ ಇತ್ತು.

ಜಾನ್ ತೀರಿಕೊಂಡದ್ದು 1776ರ ಮಾರ್ಚ್ 24ರಂದು, ಮರುವರ್ಷ ಎಲಿಜಬೆತ್. ವಿಲಿಯಂ ಗಡಿಯಾರದ ಕೆಲಸವನ್ನು ಮುಂದುವರಿಸಲಿಲ್ಲ. ಮಾನ್‌ಮತ್‌ಷೈರ್‌ನಲ್ಲಿ ಶೆರಿಫ್ ಆಗಿ, ಗೃಹಸ್ಥನಾಗಿ ಬಾಳಿ 1815ರಲ್ಲಿ ತೀರಿಕೊಂಡ. ಬದುಕಿನ ಮೊದಲರ್ಧವನ್ನು ತಂದೆಯ ಕೆಲಸಕ್ಕೆ ಒಪ್ಪಿಸಿದವನು ಉಳಿದರ್ಧವನ್ನು ತನಗಾಗಿ ಇಟ್ಟುಕೊಂಡನೆಂದರೆ ಯಾರು ಆಕ್ಷೇಪಿಸಬಲ್ಲರು? ಹ್ಯಾಂಪ್‌ಸ್ಟೆಡ್‌ನ ಸೇಂಟ್ ಜಾನ್ ಚರ್ಚಿನ ಅಂಗಳದಲ್ಲಿ ಅವರೆಲ್ಲರೂ ಒಂದೇ ಸಮಾಧಿಯಲ್ಲಿದ್ದಾರೆ. ಲಂಡನ್ನಿನ ಸದಸ್ಯರು ಭಾನುವಾರದ ನಡಿಗೆಯಲ್ಲಿ ನೋಡಿಬರಬಹುದು. 1717ರ ಮರದ ಗಡಿಯಾರವೊಂದು ಯಾರ್ಕ್‌ಷೈರ್‌ನ ನಾಸ್ಟಲ್‌ನಲ್ಲಿದೆ. ಲೀಡ್ಸ್‌ನ ಕುಟುಂಬಗಳಿಗೆ ಅದು ಹತ್ತಿರ. ಎಚ್-5 ಲಂಡನ್ನಿನ ಸೈನ್ಸ್ ಮ್ಯೂಸಿಯಮ್ಮಿನಲ್ಲಿದೆ.

ಗ್ರಿನಿಚ್‌ನ ಕತ್ತಲ ಕೋಣೆಯೊಂದರಲ್ಲಿ ತುಕ್ಕು ಹಿಡಿದು ಬಿದ್ದಿದ್ದ ದೊಡ್ಡ ಗಡಿಯಾರಗಳನ್ನು 1920ರಲ್ಲಿ ಕಂಡು, ವರ್ಷಗಟ್ಟಲೆ ಉಜ್ಜಿ, ಜೋಡಿಸಿ, ಮತ್ತೆ ನಡೆಸಿದವನು ರೂಪರ್ಟ್ ಗೌಲ್ಡ್ ಎಂಬ ನೌಕಾಧಿಕಾರಿ. ಈಗ ಗ್ರಿನಿಚ್‌ನಲ್ಲಿ ಎಚ್-1, ಎಚ್-2, ಎಚ್-3 ನಡೆಯುತ್ತಿರುತ್ತವೆ. ಅವುಗಳಿಗೆ ಎಣ್ಣೆ ಬೇಡ. ಮುಂದಿನ ಸಲ ಹೋದಾಗ ಊಟಕ್ಕೆ ಮೊದಲೇ ಅಲ್ಲಿಗೆ ಹೋಗಿ, ಮಕ್ಕಳನ್ನು ಗಾಜಿನ ಹತ್ತಿರ ನಿಲ್ಲಿಸಿ. ಎಚ್-4 ಮಾತ್ರ ಸುಮ್ಮನಿರುತ್ತದೆ. ಅದು ಕೆಟ್ಟಿಲ್ಲ, ಆದರೆ ಅದಕ್ಕೆ ಎಣ್ಣೆ ಬೇಕು, ನಡೆದರೆ ಸವೆಯುತ್ತದೆ. ಆದ್ದರಿಂದ ಅದಕ್ಕೆ ಯಾರೂ ಕೀಲಿ ಕೊಡುವುದಿಲ್ಲ.